ಹೇಳಿಯೇ ಮುಟ್ಟುವ ಟೈಲರಕ್ಕ

ನಮ್ಮ ಬೀದಿಯ ಟೈಲರಕ್ಕನ ಅಂಗಡಿಯಲ್ಲಿ ಹೊಲಿಗೆ ಮೆಷಿನ್ನು ನಟ್ಟನಡುವೆ ಇದೆ. ಉಳಿದವರೆಲ್ಲ ಮೆಷಿನ್ನನ್ನು ಗೋಡೆಗೆ ಒತ್ತಿ ಇಡುತ್ತಾರೆ, ಇಲ್ಲವೇ ಬೆಳಕು ಬೀಳಲಿ ಎಂದು ಕಿಟಕಿಗೆ ಸೇರಿಸುತ್ತಾರೆ. ಇವರದು ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ. ಆ ಕೋಣೆಯ ಮಧ್ಯೆ, ಯಾವ ಗೋಡೆಗೂ ತಾಗದ ಹಾಗೆ, ಮೆಷಿನ್ನು ಮತ್ತು ಒಂದು ಸ್ಟೂಲು. ಬಟ್ಟೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡವಾಗಿ ಸುತ್ತಿ ಬರಬೇಕು.

"ಏನಕ್ಕ ಇದು, ಅಂಗಡೀನೋ ಟ್ರಾಫಿಕ್ ಸರ್ಕಲ್ಲೋ?" ಎಂದು ಯಾರಾದರೂ ರೇಗಿಸಿದರೆ, "ಎಡಗಡೆಯಿಂದ ಬನ್ನಿ, ಹಾರ್ನ್ ಹೊಡೀಬೇಡಿ" ಎನ್ನುತ್ತಾರೆ.

ಇನ್ನೊಂದು ವಿಚಿತ್ರವೂ ಉಂಟು. ಅಳತೆ ತೆಗೆಯುವಾಗ ಅವರ ಬಾಯಿ ಸುಮ್ಮನಿರುವುದಿಲ್ಲ. "ಈಗ ಟೇಪು ಹೆಗಲಿಗೆ ಬರುತ್ತೆ. ಈಗ ತೋಳು. ಈಗ ನಾನು ನಿಮ್ಮ ಹಿಂದೆ ಬರ್ತೀನಿ, ಬೆನ್ನು ಅಳೀತೀನಿ. ಬಂದೆ." ದಪ್ಪ ಮೀಸೆಯ ಗಂಡಸರಿಗೂ ಇದೇ ವರದಿ. ಬೀದಿಯ ಮಕ್ಕಳು ಅವರಿಗೆ ಕಾಮೆಂಟ್ರಿ ಅಕ್ಕ ಎಂದು ಹೆಸರಿಟ್ಟಿದ್ದಾರೆ. ನಾನು ಈ ಬೀದಿಗೆ ಬಂದು ನಾಲ್ಕು ವರ್ಷ. ಮೊದಲ ಮೂರು ವರ್ಷ ಎಂಟು ತಿಂಗಳು ಎಲ್ಲರ ಜೊತೆ ಸೇರಿ ನಾನೂ ನಕ್ಕಿದ್ದೇನೆ. ಆ ನಗು ಯಾಕೆ ನಿಂತಿತು ಎಂದು ಹೇಳಲು ಮೊದಲು ನನ್ನ ಮಗಳ ವಿಷಯ ಹೇಳಬೇಕು.

ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳ ಶಾಲೆಯ ವ್ಯಾನು ತಿರುವಿನಲ್ಲಿ ಜಾರಿ, ರಸ್ತೆ ಪಕ್ಕದ ಚರಂಡಿಗೆ ಮಗ್ಗುಲಾಗಿ ಮಲಗಿತು. ಒಳಗೆ ಹನ್ನೊಂದು ಮಕ್ಕಳು. ಫೋನು ಬಂದಾಗ ನಾನು ಆಫೀಸಿನಲ್ಲಿದ್ದೆ. ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನವರೆಗೆ ಓಡಿದ್ದೆನಂತೆ. ಇನ್ನೊಂದನ್ನು ಸಹೋದ್ಯೋಗಿಯೊಬ್ಬರು ಹಿಂದಿನಿಂದ ತಂದುಕೊಟ್ಟರು. ನಾನು ತಲುಪುವ ಹೊತ್ತಿಗೆ ಮಕ್ಕಳನ್ನೆಲ್ಲ ಹೊರತೆಗೆದು ಫುಟ್‌ಪಾತಿನ ಮೇಲೆ ಸಾಲಾಗಿ ಕೂರಿಸಿದ್ದರು. ಒಬ್ಬಳ ತುಟಿ ಒಡೆದಿತ್ತು. ಇನ್ನೊಬ್ಬಳ ಮೊಣಕೈ ತರಚಿತ್ತು. ನನ್ನ ಗುಬ್ಬಿಗೆ ಒಂದು ಗೀರೂ ಇರಲಿಲ್ಲ. ಗುಬ್ಬಿ ಎನ್ನುವುದು ನಾವು ಮನೆಯಲ್ಲಿ ಕರೆಯುವ ಹೆಸರು, ಆರೂವರೆ ವರ್ಷ. ತಲೆಯಿಂದ ಕಾಲಿನವರೆಗೆ ಎರಡೆರಡು ಸಲ ತಡವಿ ನೋಡಿ ಅವಳನ್ನು ಅಪ್ಪಿಕೊಂಡೆ. "ಏನೂ ಆಗಿಲ್ಲ ಕಂದ, ಏನೂ ಆಗಿಲ್ಲ" ಎಂದೆ.

ಎಲ್ಲರೂ ಅದನ್ನೇ ಅಂದರು. ವ್ಯಾನಿನ ಡ್ರೈವರು ಅಳುತ್ತಲೇ "ಯಾರಿಗೂ ಏನೂ ಆಗಿಲ್ಲ ಮೇಡಂ" ಎಂದ. ಮನೆಗೆ ಬಂದಾಗ ಅತ್ತೆ ಅವಳ ಬೆನ್ನು ನೀವಿ "ಏನೂ ಆಗಿಲ್ಲ ನಮ್ಮ ಪುಟ್ಟಮ್ಮಂಗೆ" ಎಂದರು. ಫೋನು ಮಾಡಿದ ನೆಂಟರಿಗೆಲ್ಲ ನನ್ನ ಗಂಡ ಅದೇ ಮಾತನ್ನು ಹೇಳಿ ಹೇಳಿ, ಕೊನೆಗೆ "ಹಲೋ" ಎನ್ನುವ ಬದಲು "ಏನೂ ಆಗಿಲ್ಲ" ಎಂದೇ ಫೋನು ಎತ್ತತೊಡಗಿದರು.

ನಾಲ್ಕನೇ ದಿನದಿಂದ ಶುರುವಾಯಿತು. ಸ್ನಾನ ಮಾಡಿಸಿ ತಲೆಗೆ ಟವಲು ಹಾಕಿದೆ. ಗುಬ್ಬಿ ಉಸಿರು ಕಟ್ಟಿದವಳ ಹಾಗೆ ನನ್ನ ಕೈ ಪರಚಿ, ಬಚ್ಚಲಿನ ಮೂಲೆಗೆ ಹೋಗಿ ನಿಂತಳು. ಸ್ವೆಟರಿಗೂ ಅದೇ. ತಲೆಯ ಮೇಲಿಂದ ಇಳಿಯುವ ಯಾವ ಬಟ್ಟೆಯೂ ಆಗದು. ಆಮೇಲೆ ವಿಚಾರಿಸಿದಾಗ ತಿಳಿಯಿತು: ಒಡೆದ ಗಾಜು ಕಣ್ಣಿಗೆ ಬೀಳದಿರಲಿ ಎಂದು ಯಾರೋ ಪುಣ್ಯಾತ್ಮರು ಮಕ್ಕಳ ತಲೆಗೆ ತಮ್ಮ ಕೋಟು ಮುಚ್ಚಿ, ಹಿಂದಿನ ಕಿಟಕಿಯಿಂದ ಎಳೆದುಕೊಂಡಿದ್ದರು. ಒಳ್ಳೆಯದನ್ನೇ ಮಾಡಿದ್ದರು. ಅವಳಿಗೆ ಮಾತ್ರ ಕತ್ತಲೆ ಬಂದದ್ದೂ, ಹಿಂದಿನಿಂದ ಯಾರೋ ಎಳೆದದ್ದೂ ಒಂದೇ ಗಳಿಗೆಯಲ್ಲಿ ಆಗಿತ್ತು.

ಹಿಂದಿನಿಂದ ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದಳು. ಮನೆಯೊಳಗೂ ಶೂ ಬಿಚ್ಚುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ "ಬೇಕಾಗುತ್ತೆ" ಎನ್ನುತ್ತಿದ್ದಳು. ಹೊರಗೆ ಹೊರಟಾಗಲೆಲ್ಲ "ಈ ರೋಡು ಮುಂದೆ ತಿರುಗುತ್ತಾ?" ಎಂದು ಕೇಳುತ್ತಿದ್ದಳು. ತಿರುಗದ ರಸ್ತೆಯನ್ನು ನಾನು ಎಲ್ಲಿಂದ ತರಲಿ? ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಫೋನಿನಲ್ಲಿ ಓದಿದೆ, ಓದಿದಷ್ಟೂ ಹೆದರಿದೆ, ಹೆದರಿದಷ್ಟೂ ಅವಳನ್ನು ಪ್ರಶ್ನೆ ಕೇಳಿದೆ. ಅವಳು ಮಾತು ಕಡಿಮೆ ಮಾಡಿದಳು.

ಅತ್ತೆ ಮಾತ್ರ ಒಂದಿಷ್ಟೂ ಅಲುಗಲಿಲ್ಲ. "ಹಿಡ್ಕೊಂಡು ಹಾಕ್ಬಿಡೇ. ಒಂದಿನ ಅಳ್ತಾಳೆ, ಎರಡನೇ ದಿನ ಮರೀತಾಳೆ. ನನ್ನ ಮೂರು ಮಕ್ಕಳನ್ನ ನಾನು ಹೀಗೇ ಬೆಳೆಸಿದ್ದು." ಆ ಮೂವರಲ್ಲಿ ಒಬ್ಬರು ನನ್ನ ಗಂಡ. ಇವತ್ತಿಗೂ ನಾಯಿ ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಾರೆ.

ಶಾಲೆಯವರು ಮೊದಲು ಒಳ್ಳೆಯ ಮಾತಿನಲ್ಲೇ ಇದ್ದರು. ಗುಬ್ಬಿ ಕೆಲವು ದಿನ ಹೋದಳು, ಬಹಳ ದಿನ ಹೋಗಲಿಲ್ಲ, ಹೋದಾಗಲೂ ಮುಂದೆ ಗುಂಡಿ ಇರುವ ಮನೆಯ ಫ್ರಾಕಿನಲ್ಲೇ ಹೋದಳು. ಆ ಶಾಲೆಯ ಸಮವಸ್ತ್ರ ಬೂದುಬಣ್ಣದ ಪಿನಾಫೋರು. ತೋಳಿಲ್ಲದ್ದು, ತಲೆಯ ಮೇಲಿಂದ ಇಳಿಸಿಕೊಳ್ಳುವಂಥದ್ದು. ರಜೆಗೆ ಮುಂಚೆ ಮುಖ್ಯೋಪಾಧ್ಯಾಯಿನಿಯವರ ಪತ್ರ ಬಂತು. ರಜೆ ಮುಗಿದ ಮೊದಲ ಸೋಮವಾರದಿಂದ ಸಮವಸ್ತ್ರದಲ್ಲೇ ಬರಬೇಕು, ಹಾಜರಾತಿ ಇನ್ನು ಕಡಿಮೆಯಾದರೆ ಮುಂದಿನ ವರ್ಷವೂ ಅದೇ ತರಗತಿ. ಗುಬ್ಬಿಗೆ ಶಾಲೆಯಲ್ಲಿ ಇರುವುದು ಒಬ್ಬಳೇ ಗೆಳತಿ, ತುಟಿ ಒಡೆದವಳು. ಅವಳು ಮುಂದಿನ ತರಗತಿಗೆ ಹೋಗಿ ಇವಳು ಹಿಂದೆ ಉಳಿದರೆ ನನ್ನ ಮಗಳು ಇನ್ನು ಶಾಲೆಯ ಗೇಟು ದಾಟುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ಕೈಯಲ್ಲಿದ್ದದ್ದು ಮೂರು ವಾರ.

ಹೀಗೆ ಹೊಸ ಬೂದುಬಟ್ಟೆ ಹಿಡಿದುಕೊಂಡು ಟೈಲರಕ್ಕನ ಅಂಗಡಿಗೆ ಹೋದೆ. ಕುತ್ತಿಗೆಯನ್ನು ಎಷ್ಟು ಆಗುತ್ತೋ ಅಷ್ಟು ಅಗಲ ಮಾಡಿಕೊಡಿ, ಹಾಕುವಾಗ ಮುಖ ಮುಚ್ಚಬಾರದು ಎಂದು ಕೇಳುವುದು ನನ್ನ ಯೋಚನೆಯಾಗಿತ್ತು. ಗುಬ್ಬಿ ಹೊಸ್ತಿಲಲ್ಲೇ ನಿಂತಳು.

ಟೈಲರಕ್ಕ ಅವಳನ್ನು ಒಳಗೆ ಕರೆಯಲಿಲ್ಲ. ಅವಳ ಶೂ ನೋಡಿದರು, ಬಾಗಿಲಿಗೆ ಅವಳು ಆನಿಸಿದ್ದ ಬೆನ್ನು ನೋಡಿದರು. ಟೇಪನ್ನು ಸುತ್ತಿ ಮೆಷಿನ್ನಿನ ಅಂಚಿಗೆ ಇಟ್ಟರು.

"ಇವತ್ತು ನನಗೆ ಕೈನೋವು. ನೀನೇ ಅಳತೆ ತೆಗೀತೀಯಾ?"

"ಯಾರದ್ದು?"

"ನಂದು. ಎಷ್ಟು ವರ್ಷದಿಂದ ಎಲ್ಲರದ್ದೂ ಅಳೀತಿದೀನಿ, ನನ್ನನ್ನ ಯಾರೂ ಕೇಳಿಲ್ಲ ನೋಡು. ಒಂದೇ ಷರತ್ತು. ಮುಟ್ಟೋಕೆ ಮುಂಚೆ ಹೇಳ್ಬೇಕು."

ಗುಬ್ಬಿ ನನ್ನ ಮುಖ ನೋಡಿದಳು. ಆಮೇಲೆ ಎರಡು ಹೆಜ್ಜೆ ಒಳಗೆ ಬಂದಳು. "ಈಗ ಟೇಪು ಮೂಗಿಗೆ ಬರುತ್ತೆ" ಎಂದಳು.

"ಬರಲಿ."

ಮೂಗು ಎರಡು ಇಂಚು. ಕಿವಿ ಎರಡೂವರೆ. ಹೊಟ್ಟೆಗೆ ಟೇಪು ಸುತ್ತಲು ಗುಬ್ಬಿಯ ಕೈ ಸಾಲಲಿಲ್ಲ. "ಅದನ್ನ ಬರೀಬೇಡಮ್ಮ, ಮಾನ ಹೋಗುತ್ತೆ" ಎಂದರು ಅಕ್ಕ. ತಿಂಗಳುಗಳ ನಂತರ ನನ್ನ ಮಗಳ ಹಲ್ಲು ಕಂಡಿತು. ನಾನು ಬೀದಿಯ ಕಡೆ ತಿರುಗಿ ನಿಂತೆ.

ಅವತ್ತು ಅವಳ ಅಳತೆಯನ್ನು ಅಕ್ಕ ತೆಗೆಯಲೇ ಇಲ್ಲ. ಹಳೆಯ ಫ್ರಾಕು ಕೊಟ್ಟು ಹೋಗಿ, ಅದರಿಂದಲೇ ತೆಗೀತೀನಿ ಎಂದರು. ಕುತ್ತಿಗೆ ಅಗಲ ಮಾಡುವ ನನ್ನ ಉಪಾಯವನ್ನೂ ಒಪ್ಪಲಿಲ್ಲ.

"ಎಷ್ಟು ಅಗಲ ಮಾಡಿದ್ರೂ ತಲೆ ಮೇಲಿಂದಾನೇ ಬರ್ಬೇಕಲ್ಲ, ಗುಬ್ಬಿ ಅಮ್ಮ. ಮುಂದುಗಡೆ ಉದ್ದಕ್ಕೂ ಸೀಳ್ತೀನಿ. ಮಧ್ಯದಲ್ಲಿ ದೊಡ್ಡ ನೆರಿಗೆ ಇದೆಯಲ್ಲ, ಅದರ ಅಡೀಲಿ ಟಿಚ್ ಬಟನ್ ಕೂರಿಸಿದ್ರೆ ಹೊರಗಿಂದ ಯಾರಿಗೂ ಕಾಣಲ್ಲ. ಕೋಟು ಹಾಕ್ಕೊಂಡ ಹಾಗೆ ಹಾಕ್ಕೋಬಹುದು."

ಕೋಟು ಎಂಬ ಮಾತಿಗೆ ನಾನು ಗುಬ್ಬಿಯ ಮುಖ ನೋಡಿದೆ. ಗುಬ್ಬಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಅವಳು ಡಬ್ಬಿಯಲ್ಲಿದ್ದ ಬಟನ್ನುಗಳನ್ನು ಒತ್ತಿ ಒತ್ತಿ ಟಿಚ್ ಟಿಚ್ ಎನ್ನಿಸುತ್ತಿದ್ದಳು.

ಎರಡನೇ ಸಲ ಹೋದಾಗ ಬಟ್ಟೆ ಕತ್ತರಿಸಿ, ದೊಡ್ಡ ದೊಡ್ಡ ಹೆಜ್ಜೆಯ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದ್ದರು. ಹೊಲಿಗೆಯ ದಾರದ ತುದಿಯೊಂದನ್ನು ಸೊಂಟದ ಹತ್ತಿರ ಗೇಣುದ್ದ ಬಿಟ್ಟಿದ್ದರು.

"ಇಲ್ಲಿ ನೋಡು ಗುಬ್ಬಿ. ಇದು ಇನ್ನೂ ಅಂಗಿ ಅಲ್ಲ. ಹಾಕ್ಕೊಂಡ ಮೇಲೆ ಬೇಡ ಅನ್ನಿಸ್ತು ಅನ್ಕೋ, ಯಾರನ್ನೂ ಕೇಳೋದು ಬೇಡ. ಈ ದಾರ ಎಳಿ. ಪೂರ್ತಿ ಬಿಚ್ಚಿ ಬಿದ್ದುಹೋಗುತ್ತೆ."

ಗುಬ್ಬಿ ಒಂದು ತೋಳು ತೂರಿಸಿದಳು. ಇನ್ನೊಂದು ತೋಳು ತೂರಿಸಿದ ತಕ್ಷಣ ದಾರ ಎಳೆದಳು. ಬಟ್ಟೆ ಎರಡು ಹೋಳಾಗಿ ನೆಲಕ್ಕೆ ಬಿತ್ತು. ನಾನು "ಅಯ್ಯೋ" ಎಂದೆ. ಅಕ್ಕ ಹೋಳುಗಳನ್ನು ಎತ್ತಿಕೊಂಡು ಮತ್ತೆ ಹೊಲಿಯಲು ಕುಳಿತರು. ಅವತ್ತು ಮೂರು ಸಲ ಬಿಚ್ಚಿತು, ಮೂರು ಸಲ ಹೊಲಿದರು. ಸರತಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು "ಇದೇನು, ಮಗು ಹೇಳಿದ ಹಾಗೆ ಕುಣೀತೀರಲ್ಲ?" ಎಂದು ಗೊಣಗಿದಳು. "ನಿಮ್ಮ ಜಾಕೀಟು ನಾಳೆ ಕುಣಿಸ್ತೀನಿ, ಇವತ್ತು ಇದು" ಎಂದರು.

ಕಚ್ಚಾ ಹೊಲಿಗೆ ಹಾಕುವಾಗ ಅವರ ಬಾಯಿ ಬಿಡುವಾಗಿರುತ್ತದೆ. ಅವರ ಕಥೆ ನನಗೆ ಸಿಕ್ಕಿದ್ದು ಹಾಗೆ, ನಾಲ್ಕೈದು ಸಲ ಹೋದಾಗ ತುಂಡುತುಂಡಾಗಿ.

ಅವರಿಗೆ ಈಗ ಐವತ್ತೊಂದು. ಅಪ್ಪ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಒಂದು ಸಾಲಿನಲ್ಲಿ ನಾಲ್ಕು ಬಾಡಿಗೆ ಮನೆಗಳು, ಇವರದು ಕೊನೆಯದು. ಪಕ್ಕದ ಜಾಗದಲ್ಲಿ ಯಾರೋ ಹೊಸ ಕಟ್ಟಡಕ್ಕೆ ಪಾಯ ತೋಡುತ್ತಿದ್ದರು. ಎಂಟು ವರ್ಷದವರಾಗಿದ್ದ ಇವರು ಉರುಳಿಹೋದ ಗೋಲಿ ಹುಡುಕಿಕೊಂಡು ಮಂಚದ ಕೆಳಗೆ ತೂರಿದ್ದರು. ಆಗ ಹಿಂಬದಿಯ ಗೋಡೆ ಮಂಚದ ಮೇಲೆ ಬಿತ್ತು. ಕಬ್ಬಿಣದ ಮಂಚ, ತಡೆದುಕೊಂಡಿತು. ಎರಡು ಗಂಟೆ ಹೊತ್ತು ಅಲ್ಲಿದ್ದರು. ಯಾರೋ ಕಾಲು ಹಿಡಿದು ಹಿಂದಕ್ಕೆ ಎಳೆದು ತೆಗೆದರು. ಇವರ ಅಮ್ಮ ನಲ್ಲಿಯ ಹತ್ತಿರ ಇದ್ದರು, ಒಡಹುಟ್ಟಿದ ಅಕ್ಕ ಶಾಲೆಯಲ್ಲಿದ್ದಳು.

"ಯಾರಿಗೂ ಏನೂ ಆಗಿಲ್ಲ ಅನ್ನೋದೇ ನಮ್ಮನೆ ಹೆಮ್ಮೆ ಆಗ್ಬಿಡ್ತು" ಎಂದರು ಅಕ್ಕ. "ಬಂದವರಿಗೆಲ್ಲ ಅಮ್ಮ ನನ್ನ ಕರೆದು ತೋರ್ಸೋರು. ನೋಡಿ, ಒಂದು ಗೀರಿಲ್ಲ ಅಂತ. ನಾನು ಒಂದು ಸುತ್ತು ತಿರುಗಿ ತೋರಿಸಿ ಒಳಗೆ ಹೋಗ್ತಿದ್ದೆ. ಅಂಗಡಿ ಬೊಂಬೆ ಥರ."

ಆಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರಲಾಗಲಿಲ್ಲ. ತರಗತಿಯಲ್ಲಿ ಗೋಡೆಯ ಪಕ್ಕದ ಬೆಂಚು ಸಿಕ್ಕಿದರೆ ಎದ್ದೆದ್ದು ಹೊರಗೆ ಓಡುತ್ತಿದ್ದರು. ಟೀಚರು ಹೊಡೆದರು. ಮನೆಯಲ್ಲಿ ನಾಟಕದವಳು ಎಂದು ಹೆಸರಾಯಿತು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಗಾರ್ಮೆಂಟ್ಸ್ ಸೇರಿದರು. ಫ್ಯಾಕ್ಟರಿ ಅವರಿಗೆ ಬಹಳ ಇಷ್ಟವಾಯಿತಂತೆ. ಎಲ್ಲರೂ ಬೈಯುವ ಜಾಗ ಯಾಕೆ ಇಷ್ಟವಾಯಿತು ಎಂದು ಕೇಳಿದೆ. "ಗೋಡೆ ದೂರ ಇದ್ವು" ಎಂದರು. ಆ ದೊಡ್ಡ ಶೆಡ್ಡಿನ ಮಧ್ಯದ ಸಾಲಿನಲ್ಲಿ ಹನ್ನೊಂದು ವರ್ಷ ಬರೀ ಕಾಲರ್ ಹೊಲಿದರು. "ಈ ಪ್ರಪಂಚದ ಅರ್ಧ ಕುತ್ತಿಗೆ ನನ್ನ ಕೈಯಿಂದ ದಾಟಿದೆ" ಎನ್ನುತ್ತಾರೆ.

ಅಲ್ಲೂ ಒಂದು ಕಷ್ಟ ಇತ್ತು. ಸೂಪರ್‌ವೈಸರು ಹಿಂದಿನಿಂದ ಬಂದು ಭುಜ ತಟ್ಟುತ್ತಿದ್ದ. ಒಮ್ಮೆ ಬೆಚ್ಚಿಬಿದ್ದಾಗ ಸೂಜಿ ತೋರುಬೆರಳಿನ ಉಗುರನ್ನು ಹಾದುಹೋಯಿತು. ಆ ಉಗುರಿನಲ್ಲಿ ಇವತ್ತಿಗೂ ಒಂದು ಬಿಳಿ ಗೆರೆ ಇದೆ. ಎದುರಿನ ಸಾಲಿನಲ್ಲಿ ಗುಂಡಿ ಹಚ್ಚುವ ಒಬ್ಬ ಅಜ್ಜಿ ಇದ್ದರು. ಬೆರಳಿಗೆ ಬಟ್ಟೆ ಸುತ್ತುತ್ತಾ ಆ ಅಜ್ಜಿ "ನಿನಗೆ ಏನಾಗಿತ್ತೇ ಮಗಳೇ?" ಎಂದು ಕೇಳಿದರಂತೆ. ಹತ್ತು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಮಾರನೇ ದಿನದಿಂದ ಅಜ್ಜಿ ತಮ್ಮ ಜಾಗದಿಂದಲೇ ಕೂಗಿ ಹೇಳತೊಡಗಿದರು. "ಸೂಪರ್‌ವೈಸರ್ ಎದ್ದ. ನಿನ್ನ ಸಾಲಿಗೆ ಬಂದ. ಎಡಗಡೆ ಇದಾನೆ. ಈಗ ತಟ್ತಾನೆ ನೋಡು." ಇಡೀ ಲೈನು ನಗುತ್ತಿತ್ತು. ಸೂಪರ್‌ವೈಸರು ನಾಚಿಕೊಂಡು ತಟ್ಟುವುದನ್ನೇ ಬಿಟ್ಟ.

"ಆ ಕಾಮೆಂಟ್ರಿ ನಂದಲ್ಲ, ಗುಂಡಿ ಅಜ್ಜೀದು. ನಾನು ಮುಂದುವರಿಸಿಕೊಂಡು ಬಂದಿದೀನಿ ಅಷ್ಟೆ."

ಅವರ ಯಜಮಾನರು ಸೈಕಲ್ ಅಂಗಡಿಯವರು. ಮದುವೆಗೆ ಮುಂಚೆ ಅಕ್ಕ ಅವರಿಗೆ ಒಂದೇ ಷರತ್ತು ಹಾಕಿದ್ದರಂತೆ, ಎಂದಿಗೂ ಹಿಂದಿನಿಂದ ಬಂದು ಕಣ್ಣು ಮುಚ್ಚಬಾರದು. ಆ ಮನುಷ್ಯ ಇಪ್ಪತ್ತಾರು ವರ್ಷಗಳಿಂದ ಬೀದಿಯ ತಿರುವಿನಲ್ಲೇ ಕೆಮ್ಮಿಕೊಂಡು ಮನೆಗೆ ಬರುತ್ತಾರೆ. ಅವರಿಗೆ ಎದೆ ಸರಿಯಿಲ್ಲ ಎಂದು ನಾವೆಲ್ಲ ಮರುಕಪಡುತ್ತಿದ್ದೆವು. ಅತ್ತೆ ಒಮ್ಮೆ ಕಷಾಯ ಕೂಡ ಕಳಿಸಿಕೊಟ್ಟಿದ್ದರು. ಅವರು ಅದನ್ನು ಕುಡಿದು ಲೋಟ ತೊಳೆದು ವಾಪಸು ಕೊಟ್ಟಿದ್ದರು, ಒಂದು ಮಾತೂ ಹೇಳದೆ.

"ಈಗ ಪೂರ್ತಿ ವಾಸಿಯಾಗಿದೆಯಾ ಅಕ್ಕ?" ಎಂದು ಕೇಳಿದೆ. ನನಗೆ ಹೌದು ಎಂಬ ಉತ್ತರ ಬೇಕಾಗಿತ್ತು.

ಅವರು ಕೋಣೆಯ ಸುತ್ತ ಕಣ್ಣಾಡಿಸಿದರು. "ಮೆಷಿನ್ನು ಎಲ್ಲಿದೆ ಅಂತ ನೋಡ್ತಿದೀರಲ್ಲ" ಎಂದರು. ಹಲ್ಲಿನಿಂದ ದಾರ ಕಡಿದು, "ಮಗೂನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಇದಕ್ಕೇ ಅಂತ ಓದಿದೋರು ಈಗ ಇದಾರೆ. ನಾನು ಬಟ್ಟೆ ಹೊಲಿಯೋಳು. ನನಗೆ ಇಷ್ಟಾಗೋಕೆ ನಲವತ್ತು ವರ್ಷ ಹಿಡೀತು, ಅವಳಿಗೆ ಯಾಕೆ ಅಷ್ಟು?" ಎಂದರು.

ಮಕ್ಕಳ ಮನಸ್ಸಿನ ಡಾಕ್ಟರ ಬಳಿ ಹೆಸರು ಬರೆಸಿದೆ. ಸಿಕ್ಕಿದ್ದು ಶಾಲೆ ಶುರುವಾದ ಮೇಲಿನ ಗುರುವಾರ.

ನಾಲ್ಕನೇ ಸಲ ಹೋದಾಗ ಗುಬ್ಬಿ ದಾರ ಎಳೆಯಲಿಲ್ಲ. ಕಚ್ಚಾ ಹೊಲಿಗೆಯ ಪಿನಾಫೋರಿನಲ್ಲಿ ಮೆಷಿನ್ನಿನ ಸುತ್ತ ಎರಡು ಸುತ್ತು ಬಂದಳು. ದಾರದ ತುದಿ ಮಾತ್ರ ಬೆರಳಿಗೆ ಸುತ್ತಿಕೊಂಡೇ ಇತ್ತು. ಮನೆಗೆ ಬರುವಾಗ ನನಗೆ ಕಾಲು ನೆಲದ ಮೇಲೆ ಇರಲಿಲ್ಲ. ಅಷ್ಟಕ್ಕೇ ಸುಮ್ಮನಿರಬಾರದೇ ನಾನು?

ಶುಕ್ರವಾರ ಸಂಜೆ, ಸೋಮವಾರಕ್ಕೆ ಎರಡೇ ದಿನ ಇದ್ದಾಗ, ಅವಳು ಊಟದ ಮೇಜಿನ ಮೇಲೆ ಚಿತ್ರ ಬಿಡಿಸುತ್ತಾ ಹಾಡು ಗುನುಗುತ್ತಿದ್ದಳು. ಎಷ್ಟು ಹಗುರವಾಗಿದ್ದಾಳೆ, ಎಲ್ಲ ಸರಿಹೋಗಿದೆ ಅನ್ನಿಸಿತು. ಸರಿಹೋಗಿದೆ ಎಂದು ನನಗೆ ನಾನೇ ಖಾತ್ರಿ ಮಾಡಿಕೊಳ್ಳಬೇಕಾಗಿತ್ತು. ಬೀರುವಿನಿಂದ ಹಳೆಯ ಪಿನಾಫೋರು ತೆಗೆದೆ. ಹಿಂದಿನಿಂದ ಹೋಗಿ, ನಗುತ್ತಾ, ಆಟದ ಹಾಗೆ ಅದನ್ನು ಅವಳ ತಲೆಯ ಮೇಲಿಂದ ಇಳಿಸಿಬಿಟ್ಟೆ.

ಅವಳು ಕೂಗಲಿಲ್ಲ. ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಹೋದಳು. ಬೂದುಬಟ್ಟೆಯೊಳಗೆ ಎರಡು ಕೈ ಸಿಕ್ಕಿಹಾಕಿಕೊಂಡು ಬಡಿದಾಡುತ್ತಿದ್ದವು. ನಾನೂ ಮೇಜಿನ ಕೆಳಗೆ ತೂರಿ ಅದನ್ನು ಬಿಡಿಸಿ ಎಸೆದು, "ಏನೂ ಆಗಿಲ್ಲ ಕಂದ, ಏನೂ ಆಗಿಲ್ಲ" ಎಂದೆ. ಆಗ ಕೂಗಿದಳು.

"ಹಾಗನ್ಬೇಡ! ಆಗಿಲ್ಲ ಆಗಿಲ್ಲ ಅನ್ಬೇಡ!"

ಅತ್ತೆ ಅಡುಗೆಮನೆಯಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ತಾವೇ ಬಗ್ಗಿ ಆ ಪಿನಾಫೋರನ್ನು ಎತ್ತಿ, ಮಡಚಿ, ಎಲ್ಲಿಗೋ ತೆಗೆದುಕೊಂಡು ಹೋದರು.

ಶನಿವಾರ ಬೆಳಿಗ್ಗೆ ಹೊಸದನ್ನು ಕೊನೆಯ ಸಲ ಹಾಕಿ ನೋಡಬೇಕಿತ್ತು. ಗುಬ್ಬಿ ಬರುತ್ತಾಳೆ ಎಂದು ನಾನು ನಂಬಿರಲಿಲ್ಲ. ಬಂದಳು, ಆದರೆ ನನ್ನ ಕೈ ಹಿಡಿಯದೆ. ಅಂಗಡಿಯಲ್ಲಿ ನಾನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಗುಬ್ಬಿಯ ಕಡೆ ತಿರುಗಿ, "ಅಮ್ಮ ಏನು ಅನ್ಬಾರ್ದು, ನನಗೆ ಹೇಳು" ಎಂದರು.

ಗುಬ್ಬಿ ಬಟನ್ನಿನ ಡಬ್ಬಿ ನೋಡುತ್ತಾ ನಿಂತಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಯಾವಾಗ ಆಗುತ್ತೆ?"

"ಏನು?"

"ವ್ಯಾನು. ಎಲ್ರೂ ಏನೂ ಆಗಿಲ್ಲ, ಇನ್ನೂ ಆಗಿಲ್ಲ ಅಂತಾರೆ. ಹಾಗಾದ್ರೆ ಯಾವಾಗ ಆಗುತ್ತೆ?"

ಇನ್ನೂ ಎಂಬ ಮಾತನ್ನು ನಮ್ಮಲ್ಲಿ ಯಾರೂ ಆಡಿರಲಿಲ್ಲ. ಅದನ್ನು ಅವಳೇ ಸೇರಿಸಿಕೊಂಡಿದ್ದಳು. ಸ್ನಾನ ಆಗಿದೆಯಾ ಎಂದರೆ ಆಗಿಲ್ಲ. ಊಟ ಆಗಿದೆಯಾ ಎಂದರೆ ಆಗಿಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಗಿಲ್ಲ ಎನ್ನುತ್ತೇವೆ, ಸ್ವಲ್ಪ ಹೊತ್ತಿನಲ್ಲಿ ಆಗಲಿದೆ ಎಂಬ ಅರ್ಥದಲ್ಲಿ. ಅವಳು ಅದನ್ನೇ ಅರ್ಥ ಮಾಡಿಕೊಂಡಿದ್ದಳು. ನಾಲ್ಕು ತಿಂಗಳು ನನ್ನ ಮಗಳು ಕಾಯುತ್ತಿದ್ದಳು. ಅದಕ್ಕೇ ಮನೆಯೊಳಗೂ ಶೂ, ಪ್ರತಿ ರಸ್ತೆಗೂ ಆ ಪ್ರಶ್ನೆ. ನಾನು ಸಮಾಧಾನ ಎಂದುಕೊಂಡು ಹೇಳಿದ ಒಂದೊಂದು ಸಲವೂ ಅವಳಿಗೆ ಒಂದು ಎಚ್ಚರಿಕೆಯಾಗಿತ್ತು.

ಟೈಲರಕ್ಕ ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತರು. "ಈಗ ನಾನು ನಿನ್ನ ಕೈ ಹಿಡ್ಕೋತೀನಿ" ಎಂದರು. ಗುಬ್ಬಿ ಕೈ ಕೊಟ್ಟಳು.

"ಆಗಿದೆ ಮಗಳೇ. ವ್ಯಾನು ಬಿತ್ತು. ಒಳಗೆ ನೀನಿದ್ದೆ. ನಿನಗೆ ಆಯ್ತು. ಆಗಿ ಮುಗೀತು."

"ಮುಗೀತಾ?"

"ಆ ವ್ಯಾನು ಬೀಳೋದು ಮುಗೀತು. ನನ್ನ ಗೋಡೇನೂ ಬಿದ್ದು ಮುಗಿದಿದೆ. ಹೆದರಿಕೆ ಇದೆಯಲ್ಲ, ಅದಕ್ಕೆ ಆ ಸುದ್ದಿ ಇನ್ನೂ ಗೊತ್ತಾಗಿಲ್ಲ. ಅದು ಸ್ವಲ್ಪ ದಡ್ಡು. ಅದಕ್ಕೆ ನಾವು ಆಗಾಗ ಹೇಳ್ತಾ ಇರ್ಬೇಕು."

"ನಿಮ್ಮ ಗೋಡೆ ಬಿದ್ದಾಗ ಕತ್ತಲಾಯ್ತಾ?"

"ಆಯ್ತು. ನಿನಗೆ?"

ಆಗ ಗುಬ್ಬಿ ಹೇಳಿದಳು. ವ್ಯಾನು ಬಿದ್ದ ಮೇಲೆ ಮೊದಲ ಬಾರಿಗೆ, ಒಂದಾದ ಮೇಲೆ ಒಂದರಂತೆ ಹೇಳಿದಳು. ಗೆಳತಿಯ ಟಿಫಿನ್ ಡಬ್ಬಿ ಮೇಲಿಂದ ಬಿತ್ತು. ಕಿಟಕಿ ಇದ್ದ ಕಡೆ ನೆಲ ಇತ್ತು. ಕೋಟಿಗೆ ಸಿಗರೇಟಿನ ವಾಸನೆ ಇತ್ತು. ಹಿಂದಿನಿಂದ ಎಳೆದಾಗ, ಯಾರು ಎಳೆಯುತ್ತಿದ್ದಾರೆ, ಎಲ್ಲಿಗೆ ಎಂದು ಗೊತ್ತಾಗಲಿಲ್ಲ. "ಯಾರೂ ಹೇಳ್ಲಿಲ್ಲ" ಎಂದಳು. ಅಕ್ಕ ನಡುವೆ ಬಾಯಿ ಹಾಕಲಿಲ್ಲ, ಆಯ್ತು, ಹೂಂ, ಆಯ್ತು ಎನ್ನುತ್ತಿದ್ದರು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ಕೇಳಿದೆ. ಅಳಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಅಷ್ಟರಲ್ಲಿ ಅಕ್ಕ ತಿರುಗಿಯೂ ನೋಡದೆ, "ಗುಬ್ಬಿ ಅಮ್ಮ, ಅಳೋ ಹಾಗಿದ್ರೆ ಬೂದುಬಟ್ಟೆಗೆ ಒರೆಸ್ಕೋಬೇಡಿ, ಕಲೆಯಾಗುತ್ತೆ" ಎಂದರು.

ಆಮೇಲೆ ಗುಬ್ಬಿ ಪಿನಾಫೋರು ಹಾಕಿಕೊಂಡಳು. ಈಗ ಅದಕ್ಕೆ ಪಕ್ಕಾ ಹೊಲಿಗೆ. ಆದರೂ ಸೊಂಟದ ಹತ್ತಿರ ಒಳಗಡೆ ಗೇಣುದ್ದದ ಬಿಳಿ ದಾರವೊಂದು ಹಾಗೇ ಇತ್ತು. ಅದನ್ನು ಎಳೆದರೆ ಏನೂ ಬಿಚ್ಚುವುದಿಲ್ಲ ಎಂದು ಅಕ್ಕ ಅವಳಿಗೆ ಮೊದಲೇ ಹೇಳಿದರು. "ಸುಳ್ಳು ಹೇಳಲ್ಲ, ಇದು ಬರೀ ಹಿಡ್ಕೊಳ್ಳೋಕೆ. ಬಿಚ್ಚೋಕೆ ಬಟನ್ ಇದೆ." ಒಂಬತ್ತು ಬಟನ್ನು. ಗುಬ್ಬಿ ಒಂದೊಂದನ್ನೂ ಎಣಿಸಿ ಒತ್ತಿದಳು.

ಅವತ್ತು ರಾತ್ರಿ ಅತ್ತೆ ನನ್ನ ಹತ್ತಿರ ಬಂದು, "ಹಾಗಾದ್ರೆ ಮಗು ಬಿದ್ರೆ ಏನನ್ಬೇಕೇ?" ಎಂದು ಕೇಳಿದರು. ಮೂರು ಮಕ್ಕಳನ್ನು ಬೆಳೆಸಿದವರು ಕೇಳಿದ ಪ್ರಶ್ನೆ.

ಸೋಮವಾರ ನಡೆದೇ ಹೋದೆವು, ಮೂರು ತಿರುವು. "ಈ ರೋಡು ತಿರುಗುತ್ತಾ?" ಎಂದಳು. "ತಿರುಗುತ್ತೆ. ಈಗ ಬಲಗಡೆಗೆ ತಿರುಗ್ತೀವಿ" ಎಂದೆ. ಪ್ರತಿ ತಿರುವಿಗೂ ಮುಂಚೆ ಹೇಳಿದೆ. ದಾರಿಯಲ್ಲಿ ಹೋಗುವವರು ನನ್ನನ್ನು ಹುಚ್ಚಿ ಅಂದುಕೊಂಡಿರಬೇಕು. ಗೇಟಿನಲ್ಲಿ ಮುಖ್ಯೋಪಾಧ್ಯಾಯಿನಿಯವರೇ ನಿಂತಿದ್ದರು. ಗುಬ್ಬಿಯನ್ನು ಮೇಲಿಂದ ಕೆಳಗೆ ನೋಡಿ "ಸಮವಸ್ತ್ರ ಚೆನ್ನಾಗಿದೆ" ಎಂದರು. ನೆರಿಗೆಯ ಅಡಿಯ ಗುಟ್ಟು ಅವರಿಗೆ ಕಾಣಲಿಲ್ಲ. ಕಂಡಿದ್ದರೂ ಕಾಣದವರ ಹಾಗೆ ಇದ್ದರೋ ಏನೋ.

ಒಳಗೆ ಹೋಗುವ ಮೆಟ್ಟಿಲಿಗೆ ಗುಬ್ಬಿಯ ಶೂ ತಾಗಿತು. ದೊಪ್ಪೆಂದು ಮಂಡಿಯೂರಿ ಬಿದ್ದಳು. ಗೇಟಿನ ಆಯಮ್ಮ ಓಡಿಬಂದು, ಎರಡೂ ಕೈ ಚಾಚಿ, "ಏನೂ ಆಗಿಲ್ಲ ಪುಟ್ಟಿ, ಏನೂ ಆಗಿಲ್ಲ" ಎಂದರು.

ಗುಬ್ಬಿ ತಿರುಗಿ ನನ್ನನ್ನು ನೋಡಿದಳು. ಅವಳ ಕೈ ಸೊಂಟದ ದಾರವನ್ನು ಹುಡುಕುತ್ತಿತ್ತು. ಇನ್ನೊಂದು ಗಳಿಗೆ ಕಳೆದರೆ ಮನೆಯ ಕಡೆ ಓಡಿಬಿಡುತ್ತಾಳೆ ಎಂದು ನನಗೆ ಗೊತ್ತಾಯಿತು. ನನ್ನ ಬಾಯಿಗೂ ಅದೇ ಹಳೆಯ ಮಾತು ಬಂದಿತ್ತು. ನುಂಗಿಕೊಂಡೆ.

"ಬಿದ್ದೆಯಾ?" ಎಂದೆ.

"ಬಿದ್ದೆ."

"ಮಂಡಿ ತರಚ್ತಾ?"

ಬಗ್ಗಿ ನೋಡಿಕೊಂಡಳು. "ಸ್ವಲ್ಪ. ಉರಿ ಆಗ್ತಿದೆ."

"ಹೂಂ. ಆಯ್ತು."

"ಆಗಿ ಮುಗೀತಾ?"

"ಬೀಳೋದು ಮುಗೀತು. ಉರಿ ಇನ್ನೂ ಸ್ವಲ್ಪ ಹೊತ್ತು ಇರುತ್ತೆ."

ಅದನ್ನು ಅವಳು ಯೋಚಿಸಿದಳು. ಎದ್ದು ನಿಂತಳು. ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದ ಆಯಮ್ಮನಿಗೆ, "ಈಗ ನಾನು ನಿಮ್ಮ ಕೈ ಹಿಡ್ಕೋತೀನಿ" ಎಂದು ಹೇಳಿ, ಹಿಡಿದುಕೊಂಡು, ಮೆಟ್ಟಿಲು ಹತ್ತಿ ಒಳಗೆ ಹೋದಳು. ಆಯಮ್ಮ ನನ್ನ ಕಡೆ ತಿರುಗಿ, ಇದೇನು ಎಂಬಂತೆ ಹುಬ್ಬು ಹಾರಿಸಿದರು.

ಗುರುವಾರ ಡಾಕ್ಟರ ಹತ್ತಿರ ಹೋದೆವು, ಈಗಲೂ ವಾರವಾರ ಹೋಗುತ್ತಿದ್ದೇವೆ. ಇದಕ್ಕೆ ಅವರು ಒಂದು ಹೆಸರು ಹೇಳಿದರು, ಆಘಾತದ ನಂತರದ ಒತ್ತಡ. ಗಾಯ ಇಲ್ಲದ ಮಕ್ಕಳಲ್ಲೇ ಇದು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ ಎಂದರು. ಸ್ವೆಟರು ಇನ್ನೂ ಆಗುವುದಿಲ್ಲ. ವ್ಯಾನಿನಲ್ಲಿ ಕಳಿಸುವ ಮಾತನ್ನು ನಾವು ಎತ್ತಿಲ್ಲ. ಶೂ ಮಾತ್ರ ಹೋದ ವಾರದಿಂದ ಬಾಗಿಲ ಹೊರಗೆ ಇದೆ. ಅತ್ತೆ ದಿನಾ ಅದನ್ನು ನೋಡುತ್ತಾರೆ, ಜೋಡಿಸಿ ನೇರ ಇಡುತ್ತಾರೆ.

ಆ ಸೋಮವಾರ ಶಾಲೆಯಿಂದ ನೇರವಾಗಿ ನಾನು ಟೈಲರಕ್ಕನ ಅಂಗಡಿಗೆ ಹೋಗಿದ್ದೆ. ಗೇಟಿನಲ್ಲಿ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕಾಲರಿಗೆ ಹೊಲಿಗೆ ಹಾಕುತ್ತಿದ್ದರು. ಕೊನೆಯವರೆಗೂ ತಲೆ ಎತ್ತಲಿಲ್ಲ.

"ಮಂಡಿ ಊರಿ ಬಿದ್ಳು ಅಂದ್ರಲ್ಲ" ಎಂದರು ಆಮೇಲೆ. "ಕೆಳಗಿನ ಮಡಿಕೆ ಬಿಚ್ಕೊಂಡಿರುತ್ತೆ. ಸಂಜೆ ಬರುವಾಗ ಹಾಗೇ ಇಲ್ಲಿಗೆ ಬರೋಕೆ ಹೇಳಿ, ಹಾಕ್ಕೊಟ್ಬಿಡ್ತೀನಿ."

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಕೆಮ್ಮು ಕೇಳಿಸಿತು. ಅಕ್ಕ ಮೆಷಿನ್ನು ನಿಲ್ಲಿಸಿ, ಬಾಗಿಲ ಕಡೆ ನೋಡಿ, ಚಹಾಕ್ಕೆ ಎದ್ದರು.